ಪೂರ್ವಪಕ್ಷವಿಲ್ಲದ ಕಾದಂಬರಿ

ನಮ್ಮ ಪ್ರಾಚೀನರು ವಾದಕ್ಕೆ ಕುಳಿತಾಗ ಪಾಲಿಸತಕ್ಕ ಮರ್ಯಾದೆಯೊಂದುಂಟು. ಎದುರಾಳಿಯ ಮತವನ್ನು ಮೊದಲು ತಾವೇ ಎತ್ತಿ ಹೇಳಬೇಕು. ಆತನೇ ತಲೆದೂಗುವಷ್ಟು ಬಲವಾಗಿ ಹೇಳಬೇಕು. ಅನಂತರವೇ ಅದನ್ನು ಖಂಡಿಸಿ ಸ್ವಮತವನ್ನು ಸ್ಥಾಪಿಸಬೇಕು. ಪೂರ್ವಪಕ್ಷವೆಂದು ಹೆಸರಾದ ಈ ಕ್ರಮವನ್ನು ಎಲ್ಲರೂ ಎಲ್ಲ ಕಾಲಕ್ಕೂ ಪ್ರಾಮಾಣಿಕವಾಗಿ ನಡೆಸಿದರೆಂದು ನಾವು ಹೇಳಲಾರೆವು. ಆದರೂ ಚಾರ್ವಾಕರ ಸ್ವಂತ ಗ್ರಂಥಗಳು ಬಹುತೇಕ ಅಳಿದುಹೋಗಿರುವಾಗ ಅವರ ಮತ ಇಂತಹದೆಂದು ಇಂದು ನಮಗೆ ತಿಳಿದಿರುವುದು ಹೆಚ್ಚಾಗಿ ಅವರ ವಿರೋಧಿಗಳ ಲೇಖನಿಯಿಂದಲೇ. ಹದಿನಾಲ್ಕನೆಯ ಶತಮಾನದ ಮಾಧವಾಚಾರ್ಯರ ‘ಸರ್ವದರ್ಶನಸಂಗ್ರಹ’ ಆರಂಭವಾಗುವುದೇ ಚಾರ್ವಾಕ ದರ್ಶನದಿಂದ. ಶತ್ರುವಿನ ಮಾತನ್ನು ಹೀಗೆ ಕಾಪಿಟ್ಟು ಮುಂದಿನ ತಲೆಮಾರಿಗೆ ದಾಟಿಸುವುದು ಸಣ್ಣ ಔದಾರ್ಯವಲ್ಲ.

ಕಾದಂಬರಿ ಕಥೆಯನ್ನು ಹೇಳುವುದರಲ್ಲಿಯೇ ತೃಪ್ತವಾಗಿದ್ದರೆ ಅದಕ್ಕೆ ಈ ಕಟ್ಟಳೆಯನ್ನು ಹೇರುವ ಅಗತ್ಯವಿಲ್ಲ. ಆದರೆ ಅದು ದರ್ಶನವೊಂದನ್ನು ಸ್ಥಾಪಿಸಲು ಹೊರಟಿತೆಂದರೆ ವಾದದ ಮರ್ಯಾದೆ ಅದಕ್ಕೂ ತಪ್ಪದು. ಐನ್ ರ‍್ಯಾಂಡ್ ಎಂಬ ಲೇಖಕಿಯ ಕಾದಂಬರಿಗಳನ್ನು ಕುರಿತು ನಮ್ಮ ವಾಚಕ ಗೋಷ್ಠಿಯಲ್ಲಿ ಹಲವು ಸಂಜೆಗಳು ವಾಗ್ವಾದ ನಡೆಯಿತು. ಸೊಲ್ಲಾಪುರದ ನಮ್ಮ ತರುಣ ಮಿತ್ರರಲ್ಲಿ ಆ ಪುಸ್ತಕಗಳನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುವವರಿದ್ದಾರೆ. ಅವರನ್ನು ನಗೆಯಾಡಿ ಸುಮ್ಮನಾಗಿಸುವುದು ಸುಲಭ. ಹಿರಿಯರಲ್ಲಿ ಕೆಲವರು ಹಾಗೆ ಮಾಡಿಯೂ ನೋಡಿದರು. ಅದರಿಂದ ಯಾರ ಮನಸ್ಸೂ ತಿರುಗಲಿಲ್ಲ.

ಆದುದರಿಂದ ಮೊದಲು ಆಕೆಯ ಪಕ್ಷವನ್ನೇ ಹೇಳುವೆವು. ಆಕೆ ಹುಟ್ಟಿದ್ದು 1905ರಲ್ಲಿ, ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ; ತಂದೆತಾಯಿಗಳು ಇಟ್ಟ ಹೆಸರು ಅಲೀಸಾ ರೋಸೆನ್‌ಬೌಮ್. ತಂದೆ ಔಷಧದಂಗಡಿಯ ಒಡೆಯ. 1917ರ ಕ್ರಾಂತಿಯ ತರುವಾಯ ಬೋಲ್ಶೆವಿಕರು ಜನತೆಯ ಹೆಸರಿನಲ್ಲಿ ಆ ಅಂಗಡಿಯನ್ನು ವಶಪಡಿಸಿಕೊಂಡರು. ‘ಸರ್ವರ ಹಿತಕ್ಕಾಗಿ’ ಎಂಬ ಮಾತನ್ನು ಆ ಬಾಲಕಿ ಕೇಳಿದ್ದು ಪಾಠಶಾಲೆಯಲ್ಲಲ್ಲ, ತನ್ನ ಮನೆಯ ಅನ್ನ ಹೋದಾಗ. 1926ರಲ್ಲಿ, ಇಪ್ಪತ್ತೊಂದರ ಪ್ರಾಯದಲ್ಲಿ, ಅಮೆರಿಕೆಗೆ ಬಂದು, ಕಲಿತ ಭಾಷೆಯಾದ ಇಂಗ್ಲಿಷಿನಲ್ಲಿ ಬರೆಯತೊಡಗಿದಳು. ಹನ್ನೆರಡು ಪ್ರಕಾಶಕರು ಬೇಡವೆಂದು ಹಿಂದಿರುಗಿಸಿದ ‘ದ ಫೌಂಟನ್‌ಹೆಡ್’ 1943ರಲ್ಲಿ ಬೆಳಕು ಕಂಡಿತು. ‘ಅಟ್ಲಾಸ್ ಶ್ರಗ್ಡ್’ 1957ರಲ್ಲಿ.

ಆಕೆಯ ಸಿದ್ಧಾಂತದ ಸಾರವಿಷ್ಟು: ಮನುಷ್ಯನ ಬಾಳು ಅವನದೇ, ಅದರ ಮೇಲೆ ಕುಲಕ್ಕಾಗಲಿ ದೇವರಿಗಾಗಲಿ ರಾಜ್ಯಕ್ಕಾಗಲಿ ಹಕ್ಕಿಲ್ಲ. ಆಲೋಚಿಸುವುದು ಒಬ್ಬೊಬ್ಬನ ತಲೆಯೇ ಹೊರತು ಸಮೂಹಕ್ಕೆ ತಲೆಯೆಂಬುದಿಲ್ಲ. ಇನ್ನೊಬ್ಬನಿಗಾಗಿ ತನ್ನನ್ನು ಬಲಿಗೊಡುವವನೂ ಇನ್ನೊಬ್ಬನನ್ನು ತನಗಾಗಿ ಬಲಿ ತೆಗೆದುಕೊಳ್ಳುವವನೂ ಸಮಾನ ಅಪರಾಧಿಗಳು. ಈ ಮಾತಿನ ಎರಡನೆಯ ಭಾಗವನ್ನು ಆಕೆಯ ಟೀಕಾಕಾರರು ಬಹಳವಾಗಿ ಮರೆಯುತ್ತಾರೆ. ಪರರನ್ನು ತುಳಿದು ಮೇಲೇರೆಂದು ಆಕೆ ಎಲ್ಲಿಯೂ ಹೇಳಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ನಾವು ‘ದ ಫೌಂಟನ್‌ಹೆಡ್’ ಓದಿದೆವು. ತನ್ನ ನಕ್ಷೆಯಲ್ಲಿ ಒಂದು ಗೆರೆಯನ್ನೂ ಬದಲಿಸಲೊಪ್ಪದೆ, ದೊಡ್ಡ ಕಟ್ಟಡದ ಕರಾರನ್ನು ಕೈಬಿಟ್ಟು, ಗ್ರಾನೈಟ್ ಗಣಿಯಲ್ಲಿ ಕೂಲಿಗೆ ನಿಲ್ಲುವ ಹೊವರ್ಡ್ ರೋರ್ಕ್ ಎಂಬ ವಾಸ್ತುಶಿಲ್ಪಿಯನ್ನು ಕಂಡು ನಮ್ಮ ಬೆನ್ನುಹುರಿ ನೆಟ್ಟಗಾಯಿತು. ಆ ಸಂತೋಷವನ್ನು ನಾವು ಇಂದೂ ಅಲ್ಲಗಳೆಯುವುದಿಲ್ಲ.

ಇನ್ನು ಆಕ್ಷೇಪ. ರೋರ್ಕನ ಕಥೆಯ ಶಿಖರವೆಂದರೆ ಕಾರ್ಟ್‌ಲೆಂಡ್ ಎಂಬ ವಸತಿಗೃಹಗಳ ಪ್ರಕರಣ. ಬಡವರಿಗಾಗಿ ಸರಕಾರ ಕಟ್ಟಿಸುವ ಮನೆಗಳು ಅವು. ಅವುಗಳ ನಕ್ಷೆಯನ್ನು ರೋರ್ಕನು ರಹಸ್ಯವಾಗಿ ಬರೆದುಕೊಡುತ್ತಾನೆ. ಪೀಟರ್ ಕೀಟಿಂಗ್ ಎಂಬ ಸಹಪಾಠಿ ಅದನ್ನು ತನ್ನದೆಂದು ಒಪ್ಪಿಸುತ್ತಾನೆ. ಕಟ್ಟುವಾಗ ಬೇರೆಯವರು ಕೈಯಾಡಿಸಿ ವಿನ್ಯಾಸವನ್ನು ಕೆಡಿಸುತ್ತಾರೆ. ರೋರ್ಕನು ಸಿಡಿಮದ್ದಿಟ್ಟು ಆ ಕಟ್ಟಡವನ್ನು ಉರುಳಿಸುತ್ತಾನೆ. ನ್ಯಾಯಾಲಯದಲ್ಲಿ ಒಂದು ಭಾಷಣ ಮಾಡಿ ಬಿಡುಗಡೆ ಹೊಂದುತ್ತಾನೆ. ನಮ್ಮ ಗೋಷ್ಠಿಯ ತರುಣ ಇಂಜಿನಿಯರೊಬ್ಬರು ಇದನ್ನು ಬಲವಾಗಿ ಸಮರ್ಥಿಸಿದರು: ನಕ್ಷೆಯನ್ನು ಬದಲಿಸಕೂಡದೆಂಬುದೇ ಅವನು ಕೇಳಿದ ಏಕಮಾತ್ರ ಸಂಭಾವನೆ, ಅದನ್ನೇ ಕೊಡದಿದ್ದ ಮೇಲೆ ಕೃತಿ ಅವನಿಗೆ ಮರಳುತ್ತದೆ, ಎಂದರು. ವಾದ ಚೆನ್ನಾಗಿದೆ. ಆದರೆ ಆ ಕರಾರು ರೋರ್ಕನಿಗೂ ಕೀಟಿಂಗನಿಗೂ ನಡುವೆ ಆದದ್ದು. ಮನೆ ಕಟ್ಟಿಸಿದವರಿಗೆ ಅದರ ಗಂಧವೂ ಇರಲಿಲ್ಲ. ಸತ್ಯನಿಷ್ಠನೆಂದು ಏಳುನೂರು ಪುಟಗಳುದ್ದಕ್ಕೆ ಹೊಗಳಿಸಿಕೊಂಡ ವ್ಯಕ್ತಿ ಪರರ ಸಹಿಯ ಮರೆಯಲ್ಲಿ ನಿಂತು ಕೆಲಸ ಮಾಡಿದ್ದಾನೆ, ಆಮೇಲೆ ತನಗೆ ಮೋಸವಾಯಿತೆಂದು ಹೇಳುತ್ತಾನೆ. ಇದಕ್ಕಿಂತಲೂ ನಮ್ಮನ್ನು ಕಾಡುವುದು ಮತ್ತೊಂದು. ಆ ಮನೆಗಳಲ್ಲಿ ವಾಸಿಸಬೇಕಾಗಿದ್ದವರು ಯಾರು? ಒಬ್ಬ ಬಾಡಿಗೆದಾರನಾದರೂ, ಮಳೆ ಸೋರುವ ಕೋಣೆಯಿಂದ ಹೊಸ ಮನೆಗೆ ಹೋಗುವ ದಿನವನ್ನೆಣಿಸುತ್ತಿದ್ದ ಒಬ್ಬ ಹೆಂಗಸಾದರೂ, ಸಾಕ್ಷಿಯ ಕಟ್ಟೆಯನ್ನು ಹತ್ತಿದಳೆ? ಇಲ್ಲ. ವಾದಿಯ ಮಾತನ್ನು ಸಂಪೂರ್ಣ ಕೇಳಿಸಿ, ಪ್ರತಿವಾದಿಯನ್ನು ನ್ಯಾಯಾಲಯದ ಬಾಗಿಲಲ್ಲಿಯೇ ತಡೆದರೆ ತೀರ್ಪು ಬೇರೆ ಹೇಗೆ ಬಂದೀತು?

ಗ್ರಾನೈಟ್ ಗಣಿಯ ಪ್ರಸಂಗವೂ ಹೀಗೆಯೇ. ರೋರ್ಕನಿಗೆ ಅದು ಪ್ರತಿಭೆಯ ಅಜ್ಞಾತವಾಸ. ಅವನ ಪಕ್ಕದಲ್ಲಿ ಜೀವಮಾನವಿಡೀ ಕಲ್ಲೊಡೆಯುವವರು ಬರಿಯ ಹಿನ್ನೆಲೆ. 1972ರ ಬರಗಾಲದಲ್ಲಿ ನಮ್ಮ ಜಿಲ್ಲೆಯ ರೈತರು, ಹೆಂಗಸರು, ಸರಕಾರದ ಕಾಮಗಾರಿಗಳಲ್ಲಿ ಬಿಸಿಲಿಗೆ ಕುಳಿತು ಖಡಿ ಒಡೆದವರು. ಅದನ್ನು ನೆನೆಯುವ ನಮ್ಮಂತಹ ಓದುಗರು ಆ ಪುಟಗಳಲ್ಲಿ ರೋರ್ಕನ ಕೈಯನ್ನಷ್ಟೇ ನೋಡುತ್ತ ಕೂಡುವುದು ಕಷ್ಟ. ಅದೇ ಗಣಿಯ ಸನಿಹದಲ್ಲಿ ಆತನು ಡೊಮಿನಿಕ್ ಎಂಬ ನಾಯಿಕೆಯನ್ನು ಅವಳ ಸಮ್ಮತಿಯನ್ನು ಕೇಳದೆ ಬಲಾತ್ಕರಿಸುತ್ತಾನೆ. ಲೇಖಕಿ ಅದನ್ನೇ ಅವರ ಪ್ರೇಮಕಥೆಯ ಆರಂಭವಾಗಿಸುತ್ತಾಳೆ. ವ್ಯಕ್ತಿಯ ಅನುಮತಿಯಿಲ್ಲದೆ ಅವನ ಒಂದು ಬಿಲ್ಲೆಯನ್ನೂ ಮುಟ್ಟಕೂಡದೆಂಬ ದರ್ಶನ ಇಲ್ಲಿ ಎಲ್ಲಿ ಹೋಯಿತೋ ನಾವು ಕಾಣೆವು.

‘ಅಟ್ಲಾಸ್ ಶ್ರಗ್ಡ್’ ಇನ್ನೂ ಹಿರಿದು. ಸಾವಿರ ಪುಟಗಳನ್ನು ಮೀರಿದ್ದು. ಲೋಕವನ್ನು ಹೊತ್ತು ನಿಂತ ಸಮರ್ಥರೆಲ್ಲ, ಅಂದರೆ ಶೋಧಕರು, ಕಾರಖಾನೆಯ ಒಡೆಯರು, ಸಂಗೀತಗಾರರು, ಒಬ್ಬೊಬ್ಬರಾಗಿ ಸಂಪು ಹೂಡಿ ಮರೆಯಾಗುತ್ತಾರೆ. ಕೊಲರಾಡೊದ ಪರ್ವತಗಳ ನಡುವಿನ ಕಣಿವೆಯೊಂದರಲ್ಲಿ ನೆಲೆಸುತ್ತಾರೆ. ಹೊರಗಿನ ಲೋಕ ಕುಸಿಯುತ್ತದೆ. ಸಂಪಿನ ಸೂತ್ರಧಾರ ಜಾನ್ ಗಾಲ್ಟ್ ಕೊನೆಯಲ್ಲಿ ಬಾನುಲಿಯಲ್ಲಿ ಮೂರು ಗಂಟೆ ಮಾತಾಡುತ್ತಾನೆ. ಆ ಭಾಷಣವನ್ನು ಬರೆಯಲು ಲೇಖಕಿಗೆ ಎರಡು ವರ್ಷ ಹಿಡಿಯಿತಂತೆ. ಓದಲು ನಮಗೆ ಮೂರು ರಾತ್ರಿ ಹಿಡಿಯಿತು. ರೈಲುಮಾರ್ಗದ ಭಾಗಗಳನ್ನು ಮಾತ್ರ ಆಕೆ ಅದ್ಭುತವಾಗಿ ಬರೆದಿದ್ದಾಳೆ. ಹೊಸ ಲೋಹದ ಹಳಿಗಳ ಮೇಲೆ ಮೊದಲ ಗಾಡಿ ಓಡುವ ಅಧ್ಯಾಯವನ್ನು ಓದಿ ಪುಳಕಗೊಳ್ಳದವನು ಯಂತ್ರವನ್ನು ಪ್ರೀತಿಸಿದವನಲ್ಲ.

ಅದೇ ರೈಲುಮಾರ್ಗದಲ್ಲಿ ಒಂದು ಸುರಂಗವಿದೆ. ಡೀಸೆಲ್ ಇಂಜಿನ್ ಕೆಟ್ಟಿರುತ್ತದೆ. ಅಧಿಕಾರಸ್ಥನೊಬ್ಬನು ತನ್ನ ಸಭೆಗೆ ತಡವಾಗುತ್ತದೆಂದು ಹಟ ಹಿಡಿಯುತ್ತಾನೆ. ಹೊಣೆಯನ್ನು ಒಬ್ಬರ ಮೇಲೊಬ್ಬರು ಜಾರಿಸುತ್ತ ಕೊನೆಗೆ ಕಲ್ಲಿದ್ದಲಿನ ಇಂಜಿನನ್ನು ಜೋಡಿಸಿ ಗಾಡಿಯನ್ನು ಸುರಂಗದೊಳಕ್ಕೆ ಕಳಿಸುತ್ತಾರೆ. ಹೊಗೆ ತುಂಬಿ ಎಲ್ಲರೂ ಉಸಿರುಕಟ್ಟಿ ಸಾಯುತ್ತಾರೆ. ಇಲ್ಲಿಯವರೆಗೆ ಬರವಣಿಗೆ ಸರ್ವಥಾ ಶ್ಲಾಘ್ಯ. ಹೊಣೆಗೇಡಿತನ ಹೇಗೆ ಕೊಲೆಯಾಗುತ್ತದೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದವರು ಕಡಿಮೆ. ಆದರೆ ಗಾಡಿ ಸುರಂಗವನ್ನು ಹೊಗುವ ಮುನ್ನ ಲೇಖಕಿ ಡಬ್ಬಿಯಿಂದ ಡಬ್ಬಿಗೆ ನಡೆಯುತ್ತಾಳೆ. ಇಲ್ಲಿ ಮಲಗಿರುವ ಅಧ್ಯಾಪಕ ಇಂತಹ ಮತವನ್ನು ಬೋಧಿಸಿದವನು. ಅಲ್ಲಿಯ ಪತ್ರಕರ್ತ ಇಂತಹುದನ್ನು ಬರೆದವನು. ಈ ಶಿಕ್ಷಕಿ ಮಕ್ಕಳಿಗೆ ಬಹುಮತಕ್ಕೆ ತಲೆಬಾಗಲು ಕಲಿಸಿದವಳು. ಆದ್ದರಿಂದ ಯಾರೂ ನಿರಪರಾಧಿಗಳಲ್ಲವೆಂಬ ಸೂಚನೆ. ಒಂದು ಕೋಣೆಯಲ್ಲಿ ತನ್ನೆರಡು ಮಕ್ಕಳಿಗೆ ಹೊದಿಸಿ ಮಲಗಿಸಿದ ತಾಯಿಯಿದ್ದಾಳೆ. ಅವಳ ಅಪರಾಧ, ಗಂಡ ಸರಕಾರಿ ನೌಕರಿಯಲ್ಲಿದ್ದು ಆಜ್ಞೆಗಳನ್ನು ಜಾರಿಮಾಡುತ್ತಾನೆ, ಅವಳು ಅದನ್ನು ಸಮರ್ಥಿಸುತ್ತಾಳೆ ಎಂಬುದು. ಮಕ್ಕಳ ಅಪರಾಧವೇನೆಂದು ಪುಸ್ತಕ ಹೇಳುವುದಿಲ್ಲ.

ಈ ಪುಟಗಳನ್ನು ನಾವು ಗೋಷ್ಠಿಯಲ್ಲಿ ಗಟ್ಟಿಯಾಗಿ ಓದಿಸಿದೆವು. ಸಭೆ ಸ್ವಲ್ಪ ಹೊತ್ತು ಮೌನವಾಗಿತ್ತು. ಇಂಜಿನಿಯರ್ ಮಿತ್ರರು, ಇದು ಶಿಕ್ಷೆಯಲ್ಲ, ಕಾರ್ಯಕಾರಣ ಸಂಬಂಧ. ವಿಚಾರಗಳಿಗೆ ಪರಿಣಾಮಗಳುಂಟೆಂದು ತೋರಿಸುವುದಷ್ಟೇ ಉದ್ದೇಶ, ಎಂದರು. ಪರಿಣಾಮಗಳುಂಟು, ಸರಿ. ಆದರೆ ಈ ಜನರೊಡನೆ ವಾದಿಸಬೇಕಾಗಿತ್ತು. ಅಧ್ಯಾಪಕನಿಗೆ ತನ್ನ ಪಕ್ಷವನ್ನು ಹೇಳಲು ಒಂದು ಪುಟವನ್ನು ಕೊಡಬೇಕಾಗಿತ್ತು. ಗಾಲ್ಟನಿಗೆ ಮೂರು ಗಂಟೆ, ಅವನಿಗೆ ಒಂದು ವಾಕ್ಯ, ಮತ್ತು ಹೊಗೆ. ಕಾದಂಬರಿಕಾರನಿಗೆ ಸೃಷ್ಟಿಯ ಅಧಿಕಾರವಿರುವಂತೆ ಸಂಹಾರದ ಅಧಿಕಾರವೂ ಇದೆ. ಅದನ್ನು ಪ್ರಮಾಣದ ಸ್ಥಾನದಲ್ಲಿ ಬಳಸಿದಾಗ ಏನೂ ಸಿದ್ಧವಾಗುವುದಿಲ್ಲ. ಕೆಟ್ಟವರ ಹೆಸರುಗಳು ಕೂಡ ಮೌಚ್, ಯೂಬ್ಯಾಂಕ್ ಎಂದು ಕಿವಿಗೆ ಅಪಹಾಸ್ಯವಾಗಿ ಬೀಳುತ್ತವೆ. ಆಕೆ ದೊಸ್ತೊಯೆವ್ಸ್ಕಿಯನ್ನು ಬಹಳ ಮೆಚ್ಚಿದವಳು. ಆತನಾದರೋ ದೈವಭಕ್ತನಾಗಿದ್ದೂ ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ದೇವರ ವಿರುದ್ಧದ ಅತ್ಯಂತ ತೀಕ್ಷ್ಣವಾದ ವಾದವನ್ನು ಇವಾನನ ಬಾಯಲ್ಲಿಟ್ಟು, ಅದಕ್ಕೆ ಉತ್ತರ ಹೇಳಲು ಉಳಿದ ಗ್ರಂಥವೆಲ್ಲ ಹೆಣಗಿದನು. ನಮ್ಮಲ್ಲಿಯೂ 1965ರ ‘ಸಂಸ್ಕಾರ’ದ ನಾರಣಪ್ಪ ಮೊದಲ ಪುಟಗಳಲ್ಲಿಯೇ ಸತ್ತಿದ್ದರೂ ಅವನ ಸವಾಲು ಪ್ರಾಣೇಶಾಚಾರ್ಯರನ್ನು ಕೊನೆಯವರೆಗೂ ಬಿಡುವುದಿಲ್ಲ.

1957ರಲ್ಲಿ ವಿಟ್ಟೇಕರ್ ಚೇಂಬರ್ಸ್ ಎಂಬಾತ ಈ ಕಾದಂಬರಿಯನ್ನು ವಿಮರ್ಶಿಸುತ್ತ, ಅದರ ಪುಟಪುಟದಿಂದಲೂ ಜನರನ್ನು ವಿಷಾನಿಲದ ಕೋಣೆಗೆ ಅಟ್ಟುವ ದನಿ ಕೇಳಿಬರುತ್ತದೆಂಬಂತೆ ಬರೆದನು. ನಾವು ಅಷ್ಟು ದೂರ ಹೋಗಲಾರೆವು. ಅದೂ ಪೂರ್ವಪಕ್ಷವನ್ನು ಕೇಳದ ವಿಮರ್ಶೆಯೇ. 2008ರ ಅಕ್ಟೋಬರಿನಲ್ಲಿ, ಒಂದು ಕಾಲಕ್ಕೆ ಆಕೆಯ ಆಪ್ತವಲಯದಲ್ಲಿದ್ದು ಮುಂದೆ ಅಮೆರಿಕದ ಕೇಂದ್ರೀಯ ಬ್ಯಾಂಕಿನ ಅಧ್ಯಕ್ಷನಾಗಿದ್ದ ಅಲನ್ ಗ್ರೀನ್‌ಸ್ಪಾನ್, ತನ್ನ ಆರ್ಥಿಕ ನಂಬಿಕೆಯಲ್ಲಿ ದೋಷವೊಂದನ್ನು ಕಂಡೆನೆಂದು ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡದ್ದನ್ನೂ ಕೆಲವರು ಬ್ರಹ್ಮಾಸ್ತ್ರವೆಂಬಂತೆ ಎಸೆಯುತ್ತಾರೆ. ಶಿಷ್ಯನ ಸೋಲು ಗುರುವಿನ ಖಂಡನೆಯಾಗದು. ಅದೂ ಸರಕಾರಿ ಬ್ಯಾಂಕೇ ಇರಕೂಡದೆಂದ ಗುರುವಿಗೆ.

ದರ್ಶನದ ನಿಜವಾದ ಬಿರುಕು ಬೇರೆಡೆಯಲ್ಲಿದೆ. ಗಾಲ್ಟನ ಭಾಷಣದಲ್ಲಿ ಒಂದು ದೃಷ್ಟಾಂತ ಬರುತ್ತದೆ: ತಾಯಿ ತನಗೊಂದು ಟೊಪ್ಪಿಗೆ ಕೊಳ್ಳುವ ಬದಲು ಹಸಿದ ಮಗುವಿಗೆ ಅನ್ನ ಕೊಂಡರೆ ಅದು ತ್ಯಾಗವಲ್ಲ, ಅವಳಿಗೆ ಟೊಪ್ಪಿಗೆಗಿಂತ ಮಗು ಹೆಚ್ಚು ಬೆಲೆಯುಳ್ಳದ್ದು ಎಂದು. ಕೇಳಲು ಇಂಪಾಗಿದೆ. ಆದರೆ ನಮಗೆ ಬೆಲೆಯುಳ್ಳವರಿಗಾಗಿ ನಾವು ಮಾಡುವುದೆಲ್ಲವೂ ಸ್ವಾರ್ಥವೆಂದಾದರೆ, ರಾತ್ರಿಯಿಡೀ ರೋಗಿಯ ಕಾಲೊತ್ತುವವಳೂ ಸ್ವಾರ್ಥಿ, ರೋಗಿಯ ಕೈಯ ಬಳೆಯನ್ನು ಕಳಚುವವಳೂ ಸ್ವಾರ್ಥಿ. ಶಬ್ದ ಎಲ್ಲವನ್ನೂ ನುಂಗಿ ಏನನ್ನೂ ಹೇಳದಾಗುತ್ತದೆ. ಪ್ರಶ್ನೆ ತನ್ನ ಮಗುವಿನದಲ್ಲ; ನೆರೆಮನೆಯ ಮಗುವಿನದು. ಅದಕ್ಕೂ ಆಕೆ ಉತ್ತರಿಸಿದ್ದಾಳೆ. 1963ರ ಪ್ರಬಂಧವೊಂದರಲ್ಲಿ, ಹಡಗು ಮುಳುಗುವಾಗ, ಬೆಂಕಿ ಬಿದ್ದಾಗ ಅಪರಿಚಿತನಿಗೂ ನೆರವಾಗಬಹುದು. ಬಡತನ, ಕಾಯಿಲೆ ಅಂತಹ ಆಪತ್ತುಗಳಲ್ಲ, ಅವು ಬಾಳಿನ ಸಾಮಾನ್ಯ ಅಪಾಯಗಳು, ಎಂದು ವಾದಿಸಿದ್ದಾಳೆ. ಮುಳುಗುವ ಹಡಗಿಗೂ ನಿತ್ಯದ ಬಾಳಿಗೂ ಹೀಗೆ ಗೆರೆ ಎಳೆಯಬಲ್ಲವಳು ಬರಗಾಲವನ್ನು ಕಂಡವಳಲ್ಲವೆಂದು ಬರೆಯಹೊರಟ ನಮ್ಮ ಕೈ ತಡೆಯಿತು. ಆಕೆ ಅಂತರ್ಯುದ್ಧದ ರಷ್ಯದಲ್ಲಿ ಹಸಿವನ್ನು ಕಂಡವಳು. ಕಂಡೂ ಹೀಗೆ ಬರೆದಳು. ಅವಳ ಪಾಲಿಗೆ ಹಸಿವೆಂದರೆ ನೆರವಿನ ಹೆಸರಿನಲ್ಲಿ ಮನೆ ದೋಚಿದವರ ಕೊಡುಗೆಯಾಗಿತ್ತು.

ಆಕೆಯ ‘ಆ್ಯಂಥಮ್’ ಎಂಬ ಕಿರುಕಾದಂಬರಿ 1938ರಲ್ಲಿ ಹೊರಬಂದಿತು. ಭವಿಷ್ಯದ ಒಂದು ಸಮಾಜದಲ್ಲಿ ‘ನಾನು’ ಎಂಬ ಶಬ್ದವೇ ಅಳಿದಿದೆ. ಎಲ್ಲರೂ ತಮ್ಮನ್ನು ‘ನಾವು’ ಎಂದೇ ಹೇಳಿಕೊಳ್ಳುತ್ತಾರೆ. ಆ ನಿಷಿದ್ಧ ಶಬ್ದವನ್ನು ನುಡಿದವನನ್ನು ಸುಡುತ್ತಾರೆ. ಕಥಾನಾಯಕನು ಹಳೆಯ ಮನೆಯೊಂದರಲ್ಲಿ ಪೂರ್ವಕಾಲದ ಪುಸ್ತಕಗಳನ್ನೋದಿ ‘ನಾನು’ವನ್ನು ಮರಳಿ ಪಡೆಯುತ್ತಾನೆ. ಲೇಖನವನ್ನು ‘ನಾವು’ ಎಂದು ಬರೆಯುವ ವಾಡಿಕೆಯುಳ್ಳ ನಮಗೆ ಇದು ಚುಚ್ಚುವ ಕಥೆಯೇ ಸರಿ. ಆದರೆ ವಾಚಕರು ಗಮನಿಸಬೇಕು: ಅವನಿಗೆ ‘ನಾನು’ ದೊರೆತದ್ದು ಸತ್ತವರು ಬರೆದಿಟ್ಟ ಪುಸ್ತಕಗಳಿಂದ. ಅವನ ಅತ್ಯಂತ ಸ್ವಂತದ ಶಬ್ದ ಕೂಡ ಪರರ ಬಳುವಳಿ. ಗಡಿಯಾಚೆಯಲ್ಲಿ ಕೂತು ಕನ್ನಡವನ್ನು ಉಳಿಸಿಕೊಂಡು ಬಂದಿರುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬನೇ ಆಡುವ ಭಾಷೆಯೆಂಬುದಿಲ್ಲ. ಇನ್ನೊಂದು ವಿನೋದ: ಆಕೆಯ ಮನೆಯಲ್ಲಿ ನೆರೆಯುತ್ತಿದ್ದ ಶಿಷ್ಯವರ್ಗ ತನ್ನನ್ನು ಪರಿಹಾಸಕ್ಕಾಗಿ ‘ಸಮೂಹ’ವೆಂದೇ ಕರೆದುಕೊಳ್ಳುತ್ತಿತ್ತು. 1968ರಲ್ಲಿ ಆಕೆ ಪಟ್ಟಶಿಷ್ಯ ನಥಾನಿಯಲ್ ಬ್ರಾಂಡನ್ ಎಂಬಾತನನ್ನು ಹೊರಹಾಕಿದಾಗ ಉಳಿದವರಲ್ಲಿ ಹೆಚ್ಚಿನವರು ಆಕೆಯ ಮಾತನ್ನೇ ನಂಬಿ ಬೆನ್ನು ತಿರುಗಿಸಿದರು. ಪರಿಹಾಸ ನಿಜವಾಯಿತು.

ಇಷ್ಟಾಗಿಯೂ ಆಕೆ ಪೂರ್ವಪಕ್ಷವನ್ನು ಬರೆಯಲಾರದವಳಲ್ಲ. 1936ರ ‘ವಿ ದ ಲಿವಿಂಗ್’ ಆಕೆಯ ಮೊದಲ ಕಾದಂಬರಿ. ಕಥೆ ನಡೆಯುವುದು ಕ್ರಾಂತ್ಯುತ್ತರ ಪೆಟ್ರೋಗ್ರಾಡಿನಲ್ಲಿ. ಸೇತುವೆ ಕಟ್ಟಬೇಕೆಂಬ ಹಂಬಲದ ಕೀರಾ ಎಂಬ ತರುಣಿ; ಅವಳು ಪ್ರೀತಿಸಿದ ಲಿಯೊ, ಕ್ಷಯರೋಗಿ. ಅವನ ಚಿಕಿತ್ಸೆಯ ಹಣಕ್ಕಾಗಿ ಅವಳು ಆಂದ್ರೈ ಎಂಬ ಕಮ್ಯುನಿಸ್ಟ್ ಅಧಿಕಾರಿಯ ಪ್ರೇಯಸಿಯಾಗುತ್ತಾಳೆ. ಈ ಆಂದ್ರೈ ಖಳನಲ್ಲ. ಆ ಗ್ರಂಥದಲ್ಲಿ ಅತ್ಯಂತ ನೇರವಾದ ಮನುಷ್ಯ ಅವನೇ. ಸತ್ಯ ತಿಳಿದಾಗ ಅವನು ಸೇಡು ತೀರಿಸಿಕೊಳ್ಳುವುದಿಲ್ಲ. ಸೆರೆಸಿಕ್ಕ ಲಿಯೊನನ್ನು ಬಿಡಿಸಿಕೊಟ್ಟು, ತನ್ನ ಪಕ್ಷದವರೆದುರು ಮನಸ್ಸಿನಲ್ಲಿದ್ದುದನ್ನು ನುಡಿದು, ಪ್ರಾಣ ಕಳೆದುಕೊಳ್ಳುತ್ತಾನೆ. ಕೀರಾ ಹಿಮದಲ್ಲಿ ಕಾಣದಿರಲೆಂದು ಬಿಳಿಯ ಮದುವಣಿಗಿತ್ತಿಯ ಉಡುಪು ತೊಟ್ಟು ಲ್ಯಾಟ್ವಿಯದ ಗಡಿಯನ್ನು ದಾಟಹೋಗಿ ಕಾವಲುಗಾರನ ಗುಂಡಿಗೆ ಬೀಳುತ್ತಾಳೆ. ವ್ಯಕ್ತಿಯ ಬಾಳು ವ್ಯಕ್ತಿಯದೆಂಬುದನ್ನು ಆ ಸಾವು ಎಷ್ಟು ಗಾಢವಾಗಿ ಹೇಳುತ್ತದೆಯೋ ಗಾಲ್ಟನ ಮೂರು ಗಂಟೆಗಳು ಅದರ ಪಾಸಂಗಿಗೂ ಬಾರವು. ಎದುರಾಳಿಯನ್ನು ಮನುಷ್ಯನೆಂದು ಬರೆದಾಗ ಆಕೆಯ ಸಿದ್ಧಾಂತ ಬಲಗೊಂಡಿತು. ಮುಂದೆ ಏಕೆ ಆ ದಾರಿಯನ್ನು ಬಿಟ್ಟಳೋ! ಕೀರ್ತಿ ಬಂದುದು ಬೇರೆ ಪುಸ್ತಕಗಳಿಂದ ಎಂಬುದು ಒಂದು ಕಾರಣವಿರಬಹುದು. ಆದರೂ ‘ಅಟ್ಲಾಸ್ ಶ್ರಗ್ಡ್’ನಲ್ಲಿಯೂ ಒಬ್ಬ ಎಡ್ಡಿ ವಿಲ್ಲರ್ಸ್ ನುಸುಳಿಕೊಂಡಿದ್ದಾನೆ: ಪ್ರತಿಭಾವಂತನಲ್ಲ, ನಿಷ್ಠಾವಂತ. ಕಣಿವೆಯ ಸ್ವರ್ಗದಲ್ಲಿ ಅವನಿಗೆ ಎಡೆಯಿಲ್ಲ. ಮರುಭೂಮಿಯಲ್ಲಿ ನಿಂತುಹೋದ ಗಾಡಿಯ ಇಂಜಿನ್ನಿನೆದುರು ಹಳಿಯ ಮೇಲೆ ಅವನು ಕುಸಿದು ಬೀಳುವುದನ್ನು ತೋರಿಸಿ ಕಾದಂಬರಿ ಮುಂದೆ ಹೋಗುತ್ತದೆ. ಓದುಗನ ಮನಸ್ಸು ಮುಂದೆ ಹೋಗುವುದಿಲ್ಲ.

ಇಷ್ಟನ್ನೂ ಗೋಷ್ಠಿಯಲ್ಲಿ ಹೇಳಿದೆವು. ಆಗ ಅದುವರೆಗೆ ಮಾತಾಡದೆ ಕುಳಿತಿದ್ದ ತರುಣಿಯೊಬ್ಬಳು, ಬ್ಯಾಂಕಿನ ಉದ್ಯೋಗಸ್ಥೆ, ಎದ್ದು ನಿಂತಳು. ತನಗೆ ಈ ಪುಸ್ತಕ ಲಕ್ಷಾಧೀಶರದಲ್ಲ, ರೈಲು ನಡೆಸುವ ಡ್ಯಾಗ್ನಿ ಟ್ಯಾಗರ್ಟ್ ಎಂಬ ಹೆಂಗಸಿನದು ಎಂದಳು. ಅಣ್ಣಂದಿರ ಓದಿಗಾಗಿ ತನ್ನ ತಾಯಿ ಏಳನೆಯ ಇಯತ್ತೆಗೇ ಶಾಲೆ ಬಿಟ್ಟುದನ್ನೂ, ತನ್ನ ನೌಕರಿಯ ಅರ್ಜಿಯನ್ನು ‘ಮನೆತನದ ಹಿತಕ್ಕಾಗಿ’ ಒಮ್ಮೆ ಹರಿದುಹಾಕಿದುದನ್ನೂ ಹೇಳಿದಳು. ಅದೇ ಲೇಖಕಿ 1968ರಲ್ಲಿ, ರಾಷ್ಟ್ರಾಧ್ಯಕ್ಷೆಯಾಗಿ ಹೆಂಗಸು ಬರುವುದು ತನಗೊಪ್ಪಿಗೆಯಿಲ್ಲ, ಹೆಣ್ಣಿನ ಸ್ವಭಾವ ಪುರುಷನನ್ನು ಆರಾಧಿಸುವುದೆಂದು ಬರೆದಿದ್ದಾಳಲ್ಲ, ಎಂದು ನಾವು ನೆನಪಿಸಿದೆವು. ಅವಳು ಅಳುಕಲಿಲ್ಲ. ಡ್ಯಾಗ್ನಿ ತನ್ನನ್ನು ಬರೆದವಳಿಗಿಂತ ದೊಡ್ಡವಳು, ಎಂದಳು. ಕಾದಂಬರಿಯ ಪರವಾಗಿ ಅದಕ್ಕಿಂತ ಒಳ್ಳೆಯ ವಾದವನ್ನು ನಾವು ಕೇಳಿಲ್ಲ.

ಅನಂತರ ನಮ್ಮತ್ತ ತಿರುಗಿ ಕೇಳಿದಳು: “ಕಾಕಾ, ನೀವು ಬರಿಯುವಾಗ ‘ನಾವು, ನಾವು’ ಅಂತೀರಿ. ಆ ನಾವು ಅನ್ನೂದರಾಗ ನಮ್ಮವ್ವ ಅದಾಳೇನು? ನಾ ಅದೀನೇನು? ಯಾರನ್ನ ಕೇಳಿ ನಮ್ಮನ್ನ ಅದರಾಗ ಸೇರಿಸಿದ್ರಿ?”

ಹೊತ್ತು ಮೀರಿತ್ತು, ವಾಚನಾಲಯದ ಬಾಗಿಲಿಕ್ಕುವವನು ಬೀಗದ ಕೈ ಹಿಡಿದು ನಿಂತಿದ್ದನು. ಮುಂದಿನ ಸಭೆಯಲ್ಲಿ ‘ವಿ ದ ಲಿವಿಂಗ್’ ಓದತಕ್ಕದ್ದೆಂದೂ, ಪೂರ್ವಪಕ್ಷವನ್ನು ಆಕೆಯೇ ಮಂಡಿಸತಕ್ಕದ್ದೆಂದೂ ಗೊತ್ತುಮಾಡಿದ್ದೇವೆ.